ತಲೆ ನರೆತ ಮೇಲೆ ಮನಸ್ಸಿನ ಡಾಕ್ಟರು!

“ಅಂವಗ ಧಾರವಾಡಕ್ಕ ಕಳಸ್ರಿ” ಅಂದರೆ ಉತ್ತರ ಕರ್ನಾಟಕದ ಯಾವ ಬಸ್ಸಿನಲ್ಲೂ ನಗು ಏಳುತ್ತದೆ. ಅರ್ಥ ಬಿಡಿಸಿ ಹೇಳಬೇಕಿಲ್ಲ. 1845ರಿಂದ ಇಲ್ಲಿರುವ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಬೋರ್ಡು ಬದಲಾಗಿದೆ. ಒಳಗೆ ಮನೋವೈದ್ಯರನ್ನು ತಯಾರು ಮಾಡುವ ಕೋರ್ಸೂ ನಡೆದಿದೆ. ಜನರ ಬಾಯಿ ಮಾತ್ರ ಬದಲಾಗಿಲ್ಲ.

ಇಂಥ ಊರಿನಲ್ಲಿ ಮೂವತ್ತೆರಡು ದಾಟಿದ, ಎರಡು ಮಕ್ಕಳ ತಂದೆಯೊಬ್ಬ “ಮೆಡಿಕಲ್ ಓದಿ ಮನೋವೈದ್ಯ ಆಗ್ತೀನ್ರಿ” ಅಂದ ಅನ್ನಿ. “ಮೊದ್ಲ ಇವನ್ನ ಕಳಸ್ರಿ” ಅನ್ನೋರೇ ಹೆಚ್ಚು. ಆದರೆ ನಿಯಮ ಈಗ ಅವನ ಕಡೆಗಿದೆ.

ಬೇಲಿ ಕಿತ್ತಾಯ್ತು

ಮೊದಲು ನೀಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 25, ಮೀಸಲಾತಿಯವರಿಗೆ 30 ವರ್ಷದ ಮಿತಿ ಇತ್ತು. ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆದುಹಾಕಿತು. ಅದಕ್ಕೂ ಮೊದಲೇ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿಗೆ ನೀಟ್ ಪಾಸಾಗಿ ಬುರ್ಲಾದ ಸರಕಾರಿ ಮೆಡಿಕಲ್ ಕಾಲೇಜು ಸೇರಿ ದೇಶಕ್ಕೇ ಸುದ್ದಿಯಾಗಿದ್ದರು.

ಇನ್ನು ಲೆಕ್ಕಕ್ಕೆ ಬನ್ನಿ. ಎಂಬಿಬಿಎಸ್ ನಾಲ್ಕೂವರೆ ವರ್ಷ. ಇಂಟರ್ನ್‌ಶಿಪ್ ಒಂದು ವರ್ಷ. ಮನೋವೈದ್ಯಶಾಸ್ತ್ರದ ಎಂ.ಡಿ. ಮೂರು ವರ್ಷ. ಒಟ್ಟು ಎಂಟೂವರೆ. ನಡುವೆ ಪಿಜಿ ಪರೀಕ್ಷೆಯ ತಯಾರಿಗೆ ಒಂದೆರಡು ವರ್ಷ ಹಿಡಿಯಿರಿ. ಮೂವತ್ತೆರಡಕ್ಕೆ ಹೊರಟವನು ನಲವತ್ತೆರಡಕ್ಕೆ ಊರು ಮುಟ್ಟುತ್ತಾನೆ. ತಡವೇ ಸರಿ. ಆದರೆ ಕಣ್ಣು, ಕೈ ಗಟ್ಟಿ ಇದ್ದಾಗಲೇ ದುಡಿಯಬೇಕಾದ ಸರ್ಜನ್ ಕೆಲಸವಲ್ಲ ಇದು. ಎಪ್ಪತ್ತರಲ್ಲೂ ಕೂತು ರೋಗಿ ನೋಡಬಹುದು.

ಮುಕ್ಕಾಲು ಡಾಕ್ಟರು!

ಅವಸರ ಏನು ಅಂತೀರಾ? ಮಾನಸಿಕ ತಜ್ಞರ ಪತ್ರಿಕೆಯೊಂದು 2019ರಲ್ಲಿ ಹಾಕಿದ ಲೆಕ್ಕದಂತೆ ಭಾರತದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರು. ಅಂದರೆ ಮುಕ್ಕಾಲು ಡಾಕ್ಟರು. ಬೇಕಾದದ್ದು ಮೂವರು. ಅತ್ತ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡಿತ್ತು. ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಅವರೆಲ್ಲ ಎಲ್ಲಿಗೆ ಹೋಗ್ತಾರೆ? ದೇವರ ಬಾಗಿಲಿಗೆ, ಇಲ್ಲವೇ ಮೆಡಿಕಲ್ ಶಾಪಿಗೆ. “ಎದಿ ಉರೀತೈತ್ರಿ, ತಲಿ ಭಾರ, ನಿದ್ದಿ ಇಲ್ಲ” ಅನ್ನುತ್ತಾರೆ. ಹಿಂದೆ ಸೊಸೈಟಿ ಸಾಲ ಇರುತ್ತದೆ, ಕುಡಿಯೋ ಗಂಡ ಇರುತ್ತಾನೆ, ಮುರಿದ ಮಗಳ ಸಂಬಂಧ ಇರುತ್ತದೆ. ತಾನೇ ಸಾಲದ ಕಂತು ಕಟ್ಟಿ, ತಾಯಿ-ತಂದೆಯ ಹಾಸಿಗೆ ಪಕ್ಕ ಕೂತವನಿಗೆ ಆ ಮಾತಿನ ಹಿಂದಿನ ಮಾತು ಬೇಗ ಕೇಳಿಸುತ್ತದೆ.

ಹಾಗಂತ ವಯಸ್ಸೇ ಡಿಗ್ರಿ ಅಲ್ಲ. ಲಿಥಿಯಂ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿದೆ ಅಂತ ಆಗಾಗ ನೋಡಬೇಕು. ಅದನ್ನು ನರೆಗೂದಲು ಕಲಿಸುವುದಿಲ್ಲ, ಪುಸ್ತಕವೇ ಕಲಿಸಬೇಕು. ಹಿರಿಯರಿಗೆ ಇನ್ನೊಂದು ಚಟವೂ ಇರುತ್ತದೆ, ಬುದ್ಧಿ ಹೇಳುವುದು. “ಧೈರ್ಯ ತಗೋಳಪ್ಪಾ, ನಾ ನೋಡಿಲ್ಲೇನು ಇಂಥಾವು” ಅಂದರೆ ಖಿನ್ನತೆ ಹೋಗೋದಿಲ್ಲ, ರೋಗಿ ಹೋಗ್ತಾನೆ. ಸುಮ್ಮನೆ ಕೇಳುವುದನ್ನು ನಲವತ್ತರವನು ಹೊಸದಾಗಿ ಕಲಿಯಬೇಕು.

ನಿಜವಾದ ಅಡ್ಡಿ

ಕಷ್ಟ ಇರುವುದು ಮನೆಯಲ್ಲಿ. ಹದಿನೆಂಟರ ಹುಡುಗರ ಜೊತೆ ಫಿಸಿಕ್ಸ್ ಸೂತ್ರ ಉರು ಹೊಡೆಯಬೇಕು. ಹತ್ತು ವರ್ಷ ಚಿಕ್ಕವನಾದ ಸೀನಿಯರ್‌ಗೆ “ಸರ್” ಅನ್ನಬೇಕು. ನೈಟ್ ಡ್ಯೂಟಿ ಮಾಡಬೇಕು, ಥೀಸಿಸ್ ಬರೆಯಬೇಕು. ಇಂಟರ್ನ್‌ಶಿಪ್ ಬರೋವರೆಗೆ ಸ್ಟೈಪೆಂಡ್ ಇಲ್ಲ. ಅಲ್ಲಿಯವರೆಗೆ ಅಡುಗೆಮನೆ ಡಬ್ಬಿ ತುಂಬಿಸೋರು ಯಾರು? ಇದನ್ನು ಹೆಂಡತಿ ಕೇಳಿದರೆ ತಪ್ಪೇನಿಲ್ಲ. ಓದೋದು ಹೆಂಡತಿಯಾದರೆ ಇನ್ನೂ ಕಷ್ಟ, ಖರ್ಚಿನ ಜೊತೆಗೆ “ಮಕ್ಕಳನ್ನ ಯಾರು ನೋಡ್ಕೋತಾರ?” ಅನ್ನೋ ಪ್ರಶ್ನೆಯೂ ಅವಳ ತಲೆ ಮೇಲೇ.

ಹತ್ತಿರದ ದಾರಿ ಇರುವುದು ಈಗಾಗಲೇ ಡಾಕ್ಟರಾಗಿರುವವರಿಗೆ. ಹತ್ತು ಹದಿನೈದು ವರ್ಷ ಪಿಎಚ್‌ಸಿಯಲ್ಲಿ ಸವೆದ ಎಂಬಿಬಿಎಸ್ ಡಾಕ್ಟರಿಗೆ ಬೇಕಾದದ್ದು ಮೂರೇ ವರ್ಷ. ನೀಟ್-ಪಿಜಿಗೆ ವಯಸ್ಸಿನ ಮಿತಿ ಇಲ್ಲ. ನಿಮ್ಹಾನ್ಸ್ ಬೇಕೆಂದರೆ ಐಎನ್‌ಐ-ಸಿಇಟಿ ಬರೆಯಬೇಕು. ಸರಕಾರಿ ಸೇವೆಯಲ್ಲಿದ್ದವರಿಗೆ ಸೇವಾನಿರತ ಕೋಟಾ ಉಂಟು.

ಇಂಥ ಡಾಕ್ಟರುಗಳ ಮೇಲೆ ಭರವಸೆ ಇಡೋದು ಹೊಸದೂ ಅಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪಿಎಚ್‌ಸಿ ಡಾಕ್ಟರುಗಳಿಗೆ ನಿಮ್ಹಾನ್ಸ್ ಮನೋರೋಗದ ತರಬೇತಿ ಕೊಟ್ಟಿತು. ಹಳ್ಳಿ ಆಸ್ಪತ್ರೆಯಲ್ಲೇ ಮಾತ್ರೆ ಸಿಕ್ಕಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಆದ್ದರಿಂದ ತಾಲೂಕು ಡಾಕ್ಟರು ನಲವತ್ತೈದಕ್ಕೆ ಪಿಜಿ ಪುಸ್ತಕ ಹಿಡಿದರೆ ನಗಬೇಡಿ. ಅವರು ಸೈಕಿಯಾಟ್ರಿ ಸೀಟು ತಗೊಂಡರೆ “ಬ್ಯಾರೆ ಸಿಗಲಿಲ್ಲೇನ್ರಿ ಡಾಕ್ಟ್ರ?” ಅಂತಲೂ ಕೇಳಬೇಡಿ. ಅವರು ಕಲಿತು ಬಂದರೆ ಆ ಮುಕ್ಕಾಲು ಡಾಕ್ಟರ ಲೆಕ್ಕ ಅಷ್ಟಾದರೂ ಮೇಲೇರುತ್ತದೆ. ನಿಮ್ಮ ತಾಲೂಕಿನ ರೋಗಿಗೆ ಧಾರವಾಡದ ಬಸ್ ಚಾರ್ಜೂ ಉಳಿಯುತ್ತದೆ.