ರೇವಲ್ಚಿನ್ನಿ ಒಗ್ಗದ ಹಿತ್ತಿಲಿಗೆ ನೆಲಾವರಿಕೆ

ರಾಯದುರ್ಗ: ಹೊಟ್ಟೆ ಕಟ್ಟಿದಾಗ ನೆನಪಾಗುವ ಹಳೇ ಔಷಧಗಳಲ್ಲಿ ರೇವಲ್ಚಿನ್ನಿಯೂ ಒಂದು. ಗ್ರಂಧಿಗೆ ಅಂಗಡಿಯಲ್ಲಿ ಒಣಬೇರಾಗಿ ಸಿಗುವ ಇದನ್ನು ಹಿತ್ತಿಲಲ್ಲೇ ಬೀಜ ಹಾಕಿ ಬೆಳೆಸಿಕೊಂಡರೆ ಹೇಗೆ? ಆಸೆಯೇನೋ ಸರಿ, ಆದರೆ ರಾಯದುರ್ಗ, ಮಡಕಶಿರಾ ಬಿಸಿಲಿಗೆ ಅದು ಆಗಿಬರೋದಿಲ್ಲ.

ನಮ್ಮ ದೇಶದ ರೇವಲ್ಚಿನ್ನಿ ಹಿಮಾಲಯದ ಗಿಡ. ಸುಮಾರು 3,000 ಮೀಟರ್ ಹಾಗೂ ಅದಕ್ಕೂ ಎತ್ತರದ ತಂಪು ಅದರ ತವರು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿ, ಹಿಮ ಕರಗಿದ ಮೇಲೆ ಚಿಗುರುತ್ತದೆ. ಬೇರು ಬಲಿಯಲು ಕೆಲವು ವರ್ಷ ಬೇಕು. ಇಲ್ಲಿ ಬೀಜ ಮೊಳೆತರೂ 40 ಡಿಗ್ರಿ ಬೇಸಿಗೆ ದಾಟುವುದು ಕಷ್ಟ. ಮೇಲಾಗಿ ಅದರ ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಸೊಪ್ಪೆಂದು ಸಾರಿಗೆ ಹಾಕಿದರೆ ಅಪಾಯ.

ಒಣನೆಲದ ಗಿಡ

ಅದೇ ಕೆಲಸ ಮಾಡುವ, ಈ ನೆಲಕ್ಕೆ ಹೊಂದುವ ಗಿಡ ನೆಲಾವರಿಕೆ, ಅಂದರೆ ಸೋನಾಮುಖಿ. ಮಲ ಸಡಿಲಿಸುವ ಸೆನ್ನೋಸೈಡ್ ಎಂಬ ಅಂಶ ಎರಡರಲ್ಲೂ ಇದೆ. ತಮಿಳುನಾಡಿನ ತಿರುನಲ್ವೇಲಿ, ತೂತ್ತುಕುಡಿ ಭಾಗದಲ್ಲಿ ಇದನ್ನು ಹೊಲದಲ್ಲೇ ಬೆಳೆದು ಹೊರದೇಶಕ್ಕೆ ಕಳಿಸುತ್ತಾರೆ.

2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಕೆಂಪು ನೆಲ, ಕಡಿಮೆ ಮಳೆ ಎರಡು ಕಡೆಯೂ ಇದೆ. ನೆಲಾವರಿಕೆಗೆ ಅಷ್ಟು ಸಾಕು. ನೀರು ನಿಂತರೆ ಮಾತ್ರ ಕೊಳೆಯುತ್ತದೆ.

ಬಿತ್ತುವುದು ಹೀಗೆ

ಬೀಜದ ಸಿಪ್ಪೆ ಗಟ್ಟಿ. ಒರಟು ಮರಳಿನ ಜೊತೆ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಬೇಕು. ಕಡಲೆಕಾಯಿ ಬಿತ್ತುವ ಜೂನ್-ಜುಲೈ ಹದದಲ್ಲೇ ಅಡಿಗೊಂದರಂತೆ, ಅರ್ಧ ಗೆಣ್ಣು ಆಳಕ್ಕೆ ಊರಿದರಾಯಿತು. ಮೊದಲ ತಿಂಗಳು ಕಳೆ ತೆಗೆಯಬೇಕು. ಗಿಡ ಎರಡು-ಮೂರು ಅಡಿ ಬೆಳೆದು ಹಳದಿ ಹೂ ಬಿಡುತ್ತದೆ. ಮೂರು ತಿಂಗಳಿಗೆ ಬಲಿತ ಎಲೆ ಕೊಯ್ಯಬಹುದು. ಕೊಯ್ದದ್ದನ್ನು ನೆರಳಲ್ಲಿ ತೆಳ್ಳಗೆ ಹರಡಿ ಒಣಗಿಸಬೇಕು. ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಬೀಜ ಕೊಳ್ಳುವಾಗ ಹೆಸರಿನ ಬಗ್ಗೆ ಎಚ್ಚರ ಇರಲಿ. ತೆಲುಗಿನಲ್ಲಿ ಇದು ನೇಲ ತಂಗೇಡು. ಬರೀ ತಂಗೇಡು ಎಂದರೆ ರಸ್ತೆ ಬದಿಯ ತಂಗಡಿ ಗಿಡ. ಅದು ಬೇರೆಯೇ.

ಅಳತೆ ತಪ್ಪಬಾರದು

ಬೆಳೆಯುವುದು ಸುಲಭ, ಕುಡಿಯುವುದರಲ್ಲೇ ಜೋಪಾನ ಬೇಕು. ಮನೆ ಎಲೆಯಲ್ಲಿ ಔಷಧದ ಅಂಶ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಗೊತ್ತಾಗೋದಿಲ್ಲ. ಹೆಚ್ಚಾದರೆ ಹೊಟ್ಟೆ ನುಲಿತ, ಭೇದಿ. ವಾರಗಟ್ಟಲೆ ಕುಡಿದರೆ ದೇಹದ ಪೊಟ್ಯಾಸಿಯಂ ಇಳಿದು ಸುಸ್ತು ಬರುತ್ತದೆ. ಹೃದಯದ ತೊಂದರೆ ಇದ್ದವರಿಗೆ ಇದು ಇನ್ನೂ ಅಪಾಯ. ಮಕ್ಕಳು, ಬಸುರಿ-ಬಾಣಂತಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೊಟ್ಟೆನೋವು, ವಾಂತಿ ಇದ್ದಾಗಲಂತೂ ಯಾರಿಗೂ ಕೊಡಬಾರದು. ಅದು ಅಪೆಂಡಿಸೈಟಿಸ್ ಇದ್ದರೂ ಇರಬಹುದು.

ಗಡಿಯ ಮನೆಗಳವರು ಒಮ್ಮೆ ಅನಂತಪುರಕ್ಕೆ, ಒಮ್ಮೆ ತುಮಕೂರು, ಬಳ್ಳಾರಿಗೆ ಆಸ್ಪತ್ರೆಗೆ ಹೋಗುವವರು. ಯಾವ ಊರಿನ ಡಾಕ್ಟರಾದರೂ ಸರಿ, ನೆಲಾವರಿಕೆ ಕುಡಿದಿದ್ದರೆ 'ಸೆನ್ನಾ' ಎಂದು ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.