ತಂತಿ ಇಲ್ಲದ ಗರಗಸ: ಗುಂಡಿ ಒತ್ತುವ ಮುನ್ನ

ಹಿರಿಯೂರಿನ ದೇವರ ಹೆಸರಿನಲ್ಲೇ ತೇರು ಇದೆ: ತೇರುಮಲ್ಲೇಶ್ವರ. ಅದೇ ಜಿಲ್ಲೆಯ ನಾಯಕನಹಟ್ಟಿಯ ತೇರಿಗೆ ಸೇರುವ ಜನಸಾಗರವನ್ನು ಕೇಳುವುದೇ ಬೇಡ. ಮರದ ತೇರಿನಲ್ಲಿ ತುಂಡುಗಳು ನೇರವಾಗಿ ಮಾತ್ರವಲ್ಲ, ಓರೆಯಾಗಿಯೂ ಕೂಡುತ್ತವೆ. ಓರೆಯಾಗಿ ಕೊಯ್ದ ಎರಡು ತುಂಡುಗಳನ್ನು ಕೂದಲೆಳೆಯ ಸಂದಿಯೂ ಇಲ್ಲದಂತೆ ಕೂಡಿಸುವುದು ಬಡಗಿಯ ಕೈಚಳಕಕ್ಕೆ ಒರೆಗಲ್ಲು. ಮೂಲೆಮಟ್ಟ, ಪೆನ್ಸಿಲ್, ಕೈಗರಗಸ, ಇವುಗಳ ಜೊತೆಗೆ ವರ್ಷಗಟ್ಟಲೆಯ ಅಭ್ಯಾಸ ಬೇಕಾಗುತ್ತಿದ್ದ ಕೆಲಸವಿದು.

ಈಗ ಅಂಥ ಕೊಯ್ತವನ್ನು ಯಂತ್ರವೊಂದು ಕೆಲವೇ ಸೆಕೆಂಡುಗಳಲ್ಲಿ ಮಾಡಿ ಮುಗಿಸುತ್ತದೆ. ಅದರ ಹೆಸರು ‘ಮೈಟರ್ ಸಾ’. ಎರಡು ಪಟ್ಟಿಗಳು ಓರೆಯಾಗಿ ಕೂಡುವ ಮೂಲೆಯೇ ಮೈಟರ್. ಸಾ ಎಂದರೆ ಗರಗಸ. ಗೋಡೆಯ ಮೇಲಿನ ಫೋಟೊದ ಕಟ್ಟನ್ನು ನೋಡಿದರೆ ಅದರ ನಾಲ್ಕೂ ಮೂಲೆಗಳಲ್ಲಿ ಮೈಟರ್ ಕಾಣುತ್ತದೆ. ಅಲ್ಯುಮಿನಿಯಂ ಕಿಟಕಿ ಮಾಡುವವರಿಗೆ ವೈರ್ ಇರುವ ಯಂತ್ರದ ಪರಿಚಯ ಹಳೆಯದು. ಬ್ಯಾಟರಿಯಿಂದ ನಡೆಯುವ ಮಾದರಿ ಈಚಿನದು. ಚಿತ್ರದುರ್ಗದ ಹೊಸ ಬಡಾವಣೆಯಿರಲಿ, ಹೊಸದುರ್ಗ, ಹೊಳಲ್ಕೆರೆ ಕಡೆಯ ತೋಟದ ಮನೆಯಿರಲಿ, ಕರೆಂಟಿನ ಸಂಪರ್ಕ ಬರುವ ಮೊದಲೇ ಬಾಗಿಲು-ಕಿಟಕಿಯ ಕೆಲಸ ಸಾಗಿಸಲು ಇದರಿಂದ ಅನುಕೂಲ.

ಆದರೆ ಈ ಅನುಕೂಲದ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಬರುತ್ತದೆ. ವೈರ್ ಇಲ್ಲ, ಶಾಕ್ ಹೊಡೆಯುವುದಿಲ್ಲ. ಇನ್ನೇನು ಭಯ ಎನ್ನುವ ಧೈರ್ಯ. ಮನೆ ಕಟ್ಟುವಲ್ಲಿ ಮಕ್ಕಳು ಇಂಥ ಯಂತ್ರದ ಸುತ್ತ ನೆರೆಯುತ್ತಾರೆ. ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗುವ ಹುಡುಗರೂ ಉಂಟು. ಆದ್ದರಿಂದ ಈ ಗರಗಸದ ವಿಜ್ಞಾನ ದೊಡ್ಡವರಿಗೂ ಮಕ್ಕಳಿಗೂ ಗೊತ್ತಿರಬೇಕು.

ಕೈಯ ವೇಗ, ಹಲ್ಲಿನ ವೇಗ

ಈ ಗರಗಸಗಳ ದುಂಡು ಬ್ಲೇಡಿನ ಒಂದು ಸಾಮಾನ್ಯ ಅಳತೆ 254 ಮಿ.ಮೀ., ಅಂದರೆ 10 ಅಂಗುಲ. ಅದರ ಸುತ್ತಳತೆ ಸುಮಾರು 0.8 ಮೀಟರ್. ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 67 ಸುತ್ತು. ಎರಡನ್ನೂ ಗುಣಿಸಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ 53 ಮೀಟರ್, ಅಂದರೆ ಗಂಟೆಗೆ ಸುಮಾರು 190 ಕಿ.ಮೀ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ. ದಾರಿ. ಆ ಹಲ್ಲು ಹೆದ್ದಾರಿಗೆ ಇಳಿದರೆ 13 ನಿಮಿಷದೊಳಗೆ ದುರ್ಗ ತಲುಪುತ್ತದೆ!

ಮನುಷ್ಯನ ಕೈ ಎಷ್ಟು ಚುರುಕು? ಇದನ್ನು ತಿಳಿಯಲು ಯಂತ್ರ ಬೇಡ, 30 ಸೆಂ.ಮೀ. ಸ್ಕೇಲ್ ಸಾಕು. ಒಬ್ಬ ವಿದ್ಯಾರ್ಥಿ ಅದನ್ನು ತುದಿ ಹಿಡಿದು ನೇರವಾಗಿ ತೂಗಿಬಿಡಬೇಕು. ಇನ್ನೊಬ್ಬ ಕೆಳಗಿನ ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು, ತೋರುಬೆರಳು ತೆರೆದು ಕಾಯಬೇಕು. ಮೊದಲನೆಯವನು ಹೇಳದೆ ಕೈಬಿಟ್ಟಾಗ ಎರಡನೆಯವನು ಹಿಡಿಯಬೇಕು. ಸಾಮಾನ್ಯವಾಗಿ ಸ್ಕೇಲ್ 20 ಸೆಂ.ಮೀ. ಆಸುಪಾಸು ಜಾರಿಹೋಗಿರುತ್ತದೆ. ಬೀಳುವ ವಸ್ತು ಅಷ್ಟು ಇಳಿಯಲು ಬೇಕಾದ ಕಾಲ ಸುಮಾರು 0.2 ಸೆಕೆಂಡ್. ಕಣ್ಣು ಕಂಡು, ಮಿದುಳು ತಿಳಿದು, ಬೆರಳು ಅಲುಗಲು ಹಿಡಿಯುವ ಸಮಯ ಇದು.

ಇಷ್ಟರಲ್ಲಿ ಗರಗಸದ ಬ್ಲೇಡ್ 13 ಸುತ್ತು ಹಾಕಿರುತ್ತದೆ. 40 ಹಲ್ಲಿನ ಬ್ಲೇಡಾದರೆ 500ಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗಿರುತ್ತವೆ. ಅಂದರೆ ಅಪಾಯ ಕಂಡ ಮೇಲೆ ಕೈ ಎಳೆದುಕೊಳ್ಳುತ್ತೇನೆ ಎನ್ನುವುದು ಲೆಕ್ಕಕ್ಕೇ ನಿಲ್ಲದ ಮಾತು. ಈ ಯಂತ್ರದ ಸುರಕ್ಷತೆಯೆಲ್ಲ ಗುಂಡಿ ಒತ್ತುವ ಮುನ್ನವೇ ಮುಗಿದಿರಬೇಕು. ಎಷ್ಟು ನುರಿತ ಬಡಗಿಯಾದರೂ ಈ ಮಾತಿಗೆ ಹೊರತಲ್ಲ.

ಬ್ಯಾಟರಿಯೇ ಪ್ಲಗ್

ವೈರ್ ಇರುವ ಯಂತ್ರದ ಪ್ಲಗ್ ಕಿತ್ತರೆ ಅದು ಸತ್ತಂತೆ. ಅದು ಕಣ್ಣಿಗೂ ಕಾಣುತ್ತದೆ. ಬ್ಯಾಟರಿ ಯಂತ್ರಕ್ಕೆ ಅಂಥ ಗುರುತಿಲ್ಲ. ಬ್ಯಾಟರಿ ಒಳಗಿರುವ ತನಕ ಅದು ನಿದ್ದೆ ಮಾಡುತ್ತಿದೆಯೇ ಹೊರತು ಸತ್ತಿಲ್ಲ. ಬ್ಲೇಡ್ ಬದಲಿಸುವಾಗ, ಸಿಕ್ಕಿಬಿದ್ದ ಚೂರು ತೆಗೆಯುವಾಗ, ಯಂತ್ರವನ್ನು ಎತ್ತಿ ಸಾಗಿಸುವಾಗ, ಊಟಕ್ಕೆ ಏಳುವಾಗ ಬ್ಯಾಟರಿ ಹೊರಗೆ ಬರಲೇಬೇಕು. ಇದೊಂದು ಅಭ್ಯಾಸವಾದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

18 ವೋಲ್ಟ್ ಬ್ಯಾಟರಿಯೊಳಗೆ 3.6 ವೋಲ್ಟಿನ ಐದು ಲಿಥಿಯಂ-ಅಯಾನ್ ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಈ ಬಗೆಯ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಇದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ದೊರೆಯಿತು. 18 ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯದು, ನಿಜ. ಆದರೆ ಮೊಳೆ, ಸ್ಕ್ರೂ ತುಂಬಿದ ಚೀಲದಲ್ಲಿ ಬ್ಯಾಟರಿಯನ್ನು ಹಾಗೇ ಹಾಕಿದರೆ ಅದರ ಎರಡು ತುದಿಗಳಿಗೆ ಮೊಳೆ ತಗುಲಿ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನಲ್ಲಿ ಕಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬಾರದು. ನೆರಳಿನಲ್ಲಿ ಆರಲು ಬಿಡಬೇಕು. ಉಬ್ಬಿದ, ಒಡೆದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ಕೂರಿಸುವ ಕ್ರಮ

ಮೊದಲು ನೆಲೆ. ಗರಗಸವನ್ನು ನೆಲದ ಮೇಲಿಟ್ಟು ಕುಕ್ಕರುಗಾಲಿನಲ್ಲಿ ಕುಳಿತು ಕೊಯ್ಯುವುದು ರೂಢಿಯಲ್ಲಿದೆ. ಇದು ತಪ್ಪು. ಮುಖ ಬ್ಲೇಡಿನ ಮಟ್ಟಕ್ಕೆ ಬರುತ್ತದೆ. ಆಯ ತಪ್ಪಿದರೆ ಕೈ ಹೋಗುವುದೂ ಅದರ ಮೇಲೆಯೇ. ಸೊಂಟದ ಎತ್ತರದ, ಅಲುಗದ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಉದ್ದದ ಮರವಾದರೆ ಎರಡೂ ಬದಿಗೆ ಅದೇ ಎತ್ತರದ ಆಸರೆ ಬೇಕು. ಆಸರೆಗೆ ಹುಡುಗನೊಬ್ಬನನ್ನು ನಿಲ್ಲಿಸಿ ‘ಹಿಡ್ಕೊಳೋ’ ಎನ್ನುವುದು ಬೇಡವೇ ಬೇಡ. ಅವನ ಕೈ ಸ್ವಲ್ಪ ಎತ್ತಿದರೂ ಮರ ಬ್ಲೇಡನ್ನು ಅದುಮಿ ಹಿಡಿಯುತ್ತದೆ, ಯಂತ್ರ ಎಗರುತ್ತದೆ.

ಎರಡನೆಯದು ಬ್ಲೇಡ್. ಬ್ಯಾಟರಿ ತೆಗೆದು ಪರೀಕ್ಷಿಸಬೇಕು. ಹಲ್ಲು ಮುರಿದಿದೆಯೇ, ಬಿರುಕಿದೆಯೇ, ಬ್ಲೇಡಿನ ಬಾಣದ ಗುರುತೂ ಯಂತ್ರದ ಬಾಣದ ಗುರುತೂ ಒಂದೇ ದಿಕ್ಕಿಗಿವೆಯೇ ಎಂದು ನೋಡಬೇಕು. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಮರಕ್ಕೆ ಮರದ ಬ್ಲೇಡ್, ಅಲ್ಯುಮಿನಿಯಂಗೆ ಅದರದ್ದೇ ಬ್ಲೇಡ್. ಮಾರ್ಬಲ್ ಕಟರಿಗೆ ಅಥವಾ ಗ್ರೈಂಡರಿಗೆ ಮರದ ಬ್ಲೇಡ್ ಸಿಕ್ಕಿಸಿ ಕೊಯ್ಯುವುದು ಅನೇಕ ಕಡೆ ಕಾಣುವ ದುಸ್ಸಾಹಸ. ಆ ಯಂತ್ರಗಳನ್ನು ಮಾಡಿರುವುದು ಆ ಕೆಲಸಕ್ಕಲ್ಲ.

ಮೂರನೆಯದು ಕವಚ. ಬ್ಲೇಡ್ ಇಳಿದಂತೆ ತೆರೆದುಕೊಂಡು, ಏರಿದಂತೆ ಮುಚ್ಚಿಕೊಳ್ಳುವ ಪ್ಲಾಸ್ಟಿಕ್ ಕವಚ ಈ ಯಂತ್ರದ ಕಣ್ಣರೆಪ್ಪೆ. ಗೆರೆ ಕಾಣುವುದಿಲ್ಲವೆಂದು ಅದನ್ನು ಕಟ್ಟಿಹಾಕುವವರು, ಬಿಚ್ಚಿಡುವವರು ಇದ್ದಾರೆ. ರೆಪ್ಪೆ ಕಿತ್ತ ಕಣ್ಣು ಎಷ್ಟು ದಿನ ಬಾಳೀತು?

ಕೊಯ್ಯುವ ಕ್ರಮ

ಯಂತ್ರದ ಹಿಂಬದಿಯಲ್ಲಿ ಮರವನ್ನು ಒರಗಿಸಲು ‘ಫೆನ್ಸ್’ ಎಂಬ ನೇರ ತಡೆಪಟ್ಟಿ ಇದೆ. ಬ್ಲೇಡಿನ ಕೆಳಭಾಗ ಈ ಪಟ್ಟಿಯತ್ತಲೇ ಚಲಿಸುತ್ತದೆ. ಆದ್ದರಿಂದ ಮರವನ್ನೂ ಅತ್ತಲೇ ತಳ್ಳುತ್ತದೆ. ಮರ ಪಟ್ಟಿಗೆ ಅಂಟಿ ಕುಳಿತಿದ್ದರೆ ತೊಂದರೆಯಿಲ್ಲ. ನಡುವೆ ಸಂದಿ ಇದ್ದರೆ ಮರ ಅಪ್ಪಳಿಸುತ್ತದೆ, ಜೊತೆಗೆ ಹಿಡಿದ ಕೈಯನ್ನೂ ಎಳೆಯುತ್ತದೆ. ಹಾಗಾಗಿ ಕ್ಲಾಂಪಿನಿಂದ ಮರವನ್ನು ಬಿಗಿಯುವುದೇ ಉತ್ತಮ.

ಕೈಯಲ್ಲೇ ಹಿಡಿಯಬೇಕಾದರೆ ಬೆರಳಿಗೂ ಬ್ಲೇಡಿಗೂ ನಡುವೆ ಒಂದು ಗೇಣು ಇರಬೇಕು. ತಯಾರಕರ ಸೂಚನೆಗಳಲ್ಲಿ ಸಾಮಾನ್ಯವಾಗಿ ಹೇಳುವುದು 6 ಅಂಗುಲ. ಗೇಣು ಅದಕ್ಕಿಂತ ತುಸು ಹೆಚ್ಚೇ. ಅಳೆಯಲು ಟೇಪೂ ಬೇಡ. ಒಂದು ಗೇಣು ಬಿಟ್ಟು ಹಿಡಿಯಲಾಗದಷ್ಟು ಚಿಕ್ಕ ತುಂಡನ್ನು ಈ ಯಂತ್ರಕ್ಕೆ ಕೊಡಬಾರದು. ಕೈಗರಗಸ ಇರುವುದೇ ಅದಕ್ಕೆ. ಎಡಗೈಯನ್ನು ಬಲಕ್ಕೆ ದಾಟಿಸಿ ಮರ ಹಿಡಿಯುವುದೂ ನಿಷಿದ್ಧ.

ಬ್ಯಾಟರಿ ಹಾಕುವ ಮೊದಲು ಒಮ್ಮೆ ಕೈಪಿಡಿಯನ್ನು ಇಳಿಸಿ ಬ್ಲೇಡಿನ ದಾರಿಯನ್ನು ನೋಡಿಕೊಳ್ಳಬೇಕು. ಅನಂತರ ಬ್ಯಾಟರಿ ಹಾಕಿ ಗುಂಡಿ ಒತ್ತಿ, ಬ್ಲೇಡ್ ಪೂರ್ಣ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಬೇಕು. ಜಾರುವ ಮಾದರಿಯಾದರೆ ಮೊದಲು ಮುಂದಕ್ಕೆ ಎಳೆದುಕೊಂಡು, ಕೆಳಗಿಳಿಸಿ, ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು. ತನ್ನತ್ತ ಎಳೆಯುತ್ತಾ ಕೊಯ್ದರೆ ಬ್ಲೇಡ್ ಮರವನ್ನು ಹತ್ತಿ ಬರುತ್ತದೆ. ಕೊಯ್ತ ಮುಗಿದ ಮೇಲೆ ಗುಂಡಿ ಬಿಟ್ಟು, ಬ್ಲೇಡ್ ಕೆಳಗಿರುವಂತೆಯೇ ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ ಎತ್ತಬೇಕು. ಗುಂಡಿ ಬಿಟ್ಟರೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುವುದು ನ್ಯೂಟನ್ನನ ಮೊದಲ ನಿಯಮದ ಪಾಠ. ಆ ಹೊತ್ತಿನಲ್ಲೇ ಚೂರು ತೆಗೆಯಲು ಕೈ ಹಾಕುವವರು ಬೆರಳು ಕಳೆದುಕೊಳ್ಳುತ್ತಾರೆ.

ಲುಂಗಿ, ಹೆಗಲ ಟವೆಲ್, ಇಳಿಬಿದ್ದ ತೋಳು, ಕೈಗೆ ಕಟ್ಟಿದ ದಾರ ಇವೆಲ್ಲ ಬ್ಲೇಡಿಗೆ ಆಹಾರ. ಅಚ್ಚರಿಯೆನಿಸಿದರೂ ಕೈಗವಸು ಕೂಡ ಬೇಡ. ಅದರ ಒಂದು ಎಳೆ ಸಿಕ್ಕಿದರೆ ಇಡೀ ಕೈಯನ್ನು ಎಳೆದೊಯ್ಯುತ್ತದೆ.

ಈ ಸೀಮೆಯ ಮರ, ಈ ಸೀಮೆಯ ಗಾಳಿ

ಹಿರಿಯೂರು ಕಡೆ ಜಾಲಿಗೆ ಬರವಿಲ್ಲ. ಆದರೆ ಅದರ ಸೊಟ್ಟ, ದುಂಡು ಕೊಂಬೆಗಳನ್ನು ಸೌದೆಗೆಂದು ಈ ಯಂತ್ರದಲ್ಲಿ ಕೊಯ್ಯಬಾರದು. ದುಂಡು ಮರ ಹಲ್ಲು ತಗುಲಿದೊಡನೆ ಉರುಳುತ್ತದೆ. ಹೊಳಲ್ಕೆರೆಯ ಅಡಿಕೆ ದಬ್ಬೆಗೆ ಒಂದು ಮೈ ಬಾಗಿರುತ್ತದೆ. ಆಸರೆ ಸರಿಯಿಲ್ಲದಿದ್ದರೆ ಕೊಯ್ಯುವಾಗ ನಡುವೆ ಕುಸಿದು ಬ್ಲೇಡನ್ನು ಕಚ್ಚುತ್ತದೆ. ಹೊಸದುರ್ಗದ ಹಳೆಯ ತೆಂಗಿನ ಮರದ ಹೊರಪದರ ಬಲು ಗಟ್ಟಿ, ಒಳಗೆ ಮೆದು. ಅದನ್ನು ಕೊಯ್ದರೆ ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಬ್ಲೇಡನ್ನು ಒತ್ತಿ ನಡೆಸುವಾಗಲೇ ಕೈ ಜಾರುವುದು. ಹಳೆಯ ಮನೆ ಬಿಚ್ಚಿದ ತೊಲೆ, ಚೌಕಟ್ಟುಗಳಲ್ಲಿ ಮುರಿದ ಮೊಳೆ ಅಡಗಿರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದರೆ ಕಬ್ಬಿಣದ ಮೊಳೆ ಇರುವಲ್ಲಿ ಅದು ವಾಲುತ್ತದೆ. ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದು.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಇಲ್ಲಿನ ಗಾಳಿಗೆ ಸಾಕ್ಷಿ. ಬಯಲಿನಲ್ಲಿ ಕೊಯ್ಯುವಾಗ ಗಾಳಿ ಬೆನ್ನ ಕಡೆಯಿಂದ ಬರುವಂತೆ ಯಂತ್ರವನ್ನು ಇಟ್ಟರೆ ಹೊಟ್ಟು ಮುಖಕ್ಕೆ ರಾಚುವುದಿಲ್ಲ. ಆದರೂ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲೇಬೇಕು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಈ ಗರಗಸಗಳ ಸದ್ದು 100 ಡೆಸಿಬಲ್ ಮುಟ್ಟಬಲ್ಲದು. ಅಷ್ಟು ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಕಿವಿಗೂ ರಕ್ಷಣೆ ಬೇಕು.

ಕೋನದ ಲೆಕ್ಕ

ಗರಗಸ ಎಷ್ಟು ಡಿಗ್ರಿಗೆ ತಿರುಗಬೇಕು? 180ನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ನಾಲ್ಕು ಬಾಹುಗಳ ಫೋಟೊ ಕಟ್ಟಿಗೆ 45, ಆರು ಮೂಲೆಯ ಪೀಠಕ್ಕೆ 30, ಎಂಟು ಮೂಲೆಯ ಗಣಪತಿ ಮಂಟಪಕ್ಕೆ 22.5 ಡಿಗ್ರಿ. ಫೋಟೊ ಕಟ್ಟಿನಲ್ಲಿ ಒಟ್ಟು ಎಂಟು ಕೊಯ್ತ. ಒಂದೊಂದರಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ಕೂಡಿಬರುವ ತಪ್ಪು ನಾಲ್ಕು ಡಿಗ್ರಿ!

ಯಂತ್ರ ಸರಿಯಾಗಿ 90 ಡಿಗ್ರಿಗೆ ಕೊಯ್ಯುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಅಂಚು ನೇರವಾಗಿರುವ ಹಲಗೆಯೊಂದನ್ನು ಕೊಯ್ದು, ಒಂದು ತುಂಡನ್ನು ಮಗುಚಿ ಹಾಕಿ, ಎರಡನ್ನೂ ನೇರ ಪಟ್ಟಿಗೆ ಒರಗಿಸಿ ಕೂಡಿಸಬೇಕು. ಸಂದಿ ಕಂಡರೆ ತಪ್ಪಿದೆ. ಕಾಣುವುದು ನಿಜವಾದ ತಪ್ಪಿನ ಎರಡರಷ್ಟು. ಅಳತೆ ಸರಿಯಿದ್ದರೆ ಸುರಕ್ಷತೆಗೂ ಒಳ್ಳೆಯದು. ಹೊಂದದ ಮೂಲೆಯಿಂದ ಕಡ್ಡಿಯಷ್ಟು ಸೀಳು ತೆಗೆಯಲು ಹೋಗುವಾಗಲೇ ಬೆರಳು ಬ್ಲೇಡಿನ ಹತ್ತಿರ ಸರಿಯುತ್ತದೆ.

ಹೆತ್ತವರ ಪಾಲು

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಮನೆಯ ಕಸುಬಿಗೆ ಶಾಲೆಯ ನಂತರ ನೆರವಾಗಲು ಇರುವ ವಿನಾಯಿತಿಯೂ ಅಪಾಯದ ಕೆಲಸಕ್ಕೆ ಸಲ್ಲದು. ಕಸುಬು ಕಲಿಸಬೇಕೆಂಬ ಆಸೆ ತಪ್ಪಲ್ಲ. ಅಳತೆ ಹಾಕುವುದು, ಕೋನ ಲೆಕ್ಕ ಮಾಡುವುದು, ಮರದ ಜಾತಿ ಗುರುತಿಸುವುದು, ಕೈಗರಗಸದಲ್ಲಿ ಗೆರೆ ಹಿಡಿದು ಕೊಯ್ಯುವುದು, ಇಷ್ಟನ್ನು ಮೊದಲು ಕಲಿತ ಹುಡುಗ ಅಥವಾ ಹುಡುಗಿಗೆ ವಯಸ್ಸು ಬಂದ ಮೇಲೆ ಯಂತ್ರ ಕಲಿಯುವುದು ಕಷ್ಟವಲ್ಲ.

ಅವಘಡ ನಡೆದೇಹೋದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ, 108ಕ್ಕೆ ಕರೆ ಮಾಡಬೇಕು. ಅರಿಶಿನ, ಕಾಫಿ ಪುಡಿ ಮೆತ್ತಬಾರದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಬೆರೆತ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಒಯ್ಯಬೇಕು. ಬೆರಳು ನೇರವಾಗಿ ಐಸಿಗೆ ತಾಗಬಾರದು. ಬೇಗ ತಲುಪಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ.

ಯಂತ್ರಕ್ಕೆ ಮರವೂ ಒಂದೇ, ಬೆರಳೂ ಒಂದೇ. ವ್ಯತ್ಯಾಸ ಗೊತ್ತಿರುವುದು ಅದನ್ನು ನಡೆಸುವವರಿಗೆ ಮಾತ್ರ. ಸಂಜೆ ಕೆಲಸ ಮುಗಿದಾಗ ಬ್ಯಾಟರಿ ಹೊರಗೆ, ಯಂತ್ರ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೊಂದು ಬೀಗ. ಬೀಗದ ಕೈ ದೊಡ್ಡವರ ಜೇಬಿನಲ್ಲಿರಲಿ.