ಮಧುಮೇಹಿಗಳ ಪಾದದ ಹುಣ್ಣು: ಮೂಳೆಯ ಸೋಂಕನ್ನು ಗುರುತಿಸುವ ಬಗೆ

ಮಧುಮೇಹವೆಂದೊಡನೆ ನಮ್ಮ ಗಮನವೆಲ್ಲ ಊಟದ ಎಲೆಯ ಮೇಲೆ ಹರಿಯುತ್ತದೆ. ಪಾದದ ಕಡೆಗೆ ಹರಿಯುವುದು ಅಪರೂಪ. ಆದರೆ ಈ ವ್ಯಾಧಿಯಿಂದ ಕಾಲು ಕಳೆದುಕೊಂಡವರಲ್ಲಿ ಬಹುಮಂದಿಯ ಸಂಕಟ ಒಂದು ಸಣ್ಣ ಹುಣ್ಣಿನಿಂದಲೇ ಆರಂಭವಾಗಿರುತ್ತದೆ. ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರ ನೋಡುವವನು. ತಜ್ಞರಿಂದ ಕೇಳಿ, ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಿದ್ದರೆ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ, ರಕ್ತನಾಳಗಳೂ ಕಿರಿದಾಗುವುದುಂಟು. ಆಗ ಚಪ್ಪಲಿ ಕಚ್ಚಿದರೂ, ಬೇಸಗೆಯಲ್ಲಿ ಮೈಲಾಪುರದ ಕಪಾಲೀಶ್ವರನ ಪ್ರದಕ್ಷಿಣೆ ಮಾಡುವಾಗ ಕಾದ ಕಲ್ಲು ಅಂಗಾಲನ್ನು ಸುಟ್ಟರೂ ತಿಳಿಯದು. ಹುಣ್ಣು ಆಳಕ್ಕಿಳಿದು ಮೂಳೆಯನ್ನು ಮುಟ್ಟಿದಾಗ ರೋಗಾಣುಗಳು ಅಲ್ಲಿ ನೆಲೆಯೂರುತ್ತವೆ. ಇದಕ್ಕೆ ಆಸ್ಟಿಯೋಮೈಲೈಟಿಸ್ ಎಂದು ಹೆಸರು.

ಇದನ್ನು ಪತ್ತೆಹಚ್ಚುವುದು ಸುಲಭವಲ್ಲ. ಜ್ವರವಾಗಲಿ ನೋವಾಗಲಿ ಇಲ್ಲದಿರಬಹುದು. ವಾರಗಟ್ಟಲೆ ಮಾಯದ ಹುಣ್ಣು, ಕೆಂಪಾಗಿ ಊದಿದ ಬೆರಳು, ಹುಣ್ಣಿನ ತಳದಲ್ಲಿ ಕಾಣುವ ಮೂಳೆ, ಇವು ಎಚ್ಚರಿಕೆಯ ಚಿಹ್ನೆಗಳು. ವೈದ್ಯರು ಶುದ್ಧಗೊಳಿಸಿದ ಮೊಂಡುತುದಿಯ ಲೋಹದ ಕಡ್ಡಿಯಿಂದ ಹುಣ್ಣಿನ ತಳವನ್ನು ಮೆಲ್ಲನೆ ಮುಟ್ಟಿ ನೋಡುತ್ತಾರೆ. ಗಟ್ಟಿಯಾದ ಮೂಳೆ ತಗುಲಿದರೆ ಶಂಕೆ ಬಲವಾಗುತ್ತದೆ. 1995ರಲ್ಲಿ ಅಮೆರಿಕದ ವೈದ್ಯರು ಸೋಂಕು ತಗುಲಿದ 76 ಹುಣ್ಣುಗಳನ್ನು ಹೀಗೆ ಪರೀಕ್ಷಿಸಿದಾಗ, ಮೂಳೆ ತಗುಲಿದವುಗಳಲ್ಲಿ ನೂರಕ್ಕೆ 89ರಲ್ಲಿ ಮೂಳೆಯ ಸೋಂಕು ಇದ್ದಿತು. ಸೋಂಕಿನ ಸಂಭವ ಕಡಿಮೆಯಿರುವ ಹೊರರೋಗಿಗಳಲ್ಲಿ ಈ ಪ್ರಮಾಣ ಇಳಿಯುತ್ತದೆ. ಆದರೆ ಅಂಥವರಲ್ಲಿ ಮೂಳೆ ತಗುಲದಿದ್ದರೆ ಸೋಂಕಿಲ್ಲವೆಂಬ ಭರವಸೆ ಹೆಚ್ಚು.

ಒಂದೇ ರಸೀತಿಯನ್ನು ನಂಬಿ ಖಾತೆ ಮುಗಿಸಲಾಗದಂತೆ, ಇಲ್ಲಿಯೂ ಹಲವು ಸಾಕ್ಷ್ಯಗಳನ್ನು ತಾಳೆ ನೋಡಬೇಕು. ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಗಂಟೆಗೆ 70 ಮಿಲಿಮೀಟರ್ ದಾಟಿದ್ದರೆ ಅದೊಂದು ಸೂಚನೆ. ಕ್ಷ-ಕಿರಣದ ಚಿತ್ರದಲ್ಲಿ ಮೊದಲ ಎರಡು ಮೂರು ವಾರ ಏನೂ ಕಾಣದಿರಬಹುದು. ಆದ್ದರಿಂದ ಕೆಲವು ವಾರಗಳ ಅನಂತರ ಮತ್ತೆ ತೆಗೆಸಲು ಹೇಳುತ್ತಾರೆ. ಸಂದೇಹ ಉಳಿದರೆ ಎಂ.ಆರ್.ಐ.; ಖಚಿತವಾಗಬೇಕಾದರೆ ಮೂಳೆಯ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಯಾವ ರೋಗಾಣು, ಯಾವ ಔಷಧಿ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಬೇಗ ಗುರುತಿಸಿದರೆ ಅನೇಕರಿಗೆ ಸುಮಾರು ಆರು ವಾರಗಳ ಔಷಧೋಪಚಾರದಿಂದಲೇ ಬೆರಳು ಉಳಿಯುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾದೀತು. ತಡವಾದರೆ ಬೆರಳಿನ ನಷ್ಟ ಪಾದಕ್ಕೆ, ಪಾದದ ನಷ್ಟ ಕಾಲಿಗೆ ಏರುತ್ತದೆ.

ಈ ವಿಷಯದಲ್ಲಿ ಚೆನ್ನೈವಾಸಿಗಳಾದ ನಾವು ಭಾಗ್ಯವಂತರು. ಪ್ರೊಫೆಸರ್ ಎಂ. ವಿಶ್ವನಾಥನ್ ಅವರು 1954ರಲ್ಲಿ ಸ್ಥಾಪಿಸಿದ ಮಧುಮೇಹದ ಆಸ್ಪತ್ರೆ ರಾಯಪುರಂನಲ್ಲಿದೆ. ಸ್ಪರ್ಶವಿಲ್ಲದ ಪಾದಕ್ಕೆ ರಕ್ಷಣೆ ಬೇಕೆಂಬುದನ್ನು ಕುಷ್ಠರೋಗಿಗಳ ಶುಶ್ರೂಷೆಯಿಂದ ಜಗತ್ತಿಗೆ ತಿಳಿಸಿಕೊಟ್ಟ ಡಾ. ಪಾಲ್ ಬ್ರಾಂಡ್ ಅವರು ದುಡಿದದ್ದು ಸಮೀಪದ ವೆಲ್ಲೂರಿನಲ್ಲಿ.

ಮಧುಮೇಹವಿರುವ ಹಿರಿಯರು ಪ್ರತಿರಾತ್ರಿ ಅಂಗಾಲನ್ನು ನೋಡಿಕೊಳ್ಳಲಿ. ಬಗ್ಗಲಾರದವರು ಕನ್ನಡಿ ಹಿಡಿಯಲಿ, ಇಲ್ಲವೇ ಮಕ್ಕಳಿಗೆ ತೋರಿಸಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು. ಮನೆಯ ಮದುವೆ ಮುಂಜಿ ಮುಗಿಯಲೆಂದು ಹುಣ್ಣನ್ನು ಯಾರೂ ಮುಚ್ಚಿಡದಿರಲಿ. ನೋವಿಲ್ಲದ ಹುಣ್ಣೇ ಮಧುಮೇಹಿಯ ದೊಡ್ಡ ಶತ್ರು.